ಅದೃಷ್ಟಕ್ಕೆ ನೆನಪಿಲ್ಲ

ಜಪಾನಿನಲ್ಲಿ 1996ರಲ್ಲಿ ಹುಟ್ಟಿದ ‘ಪೋಕೆಮಾನ್’ ಎಂಬ ವಿಡಿಯೋ ಆಟವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಕಲ್ಪಿತ ಪ್ರಾಣಿಗಳನ್ನು ಹಿಡಿದು ಸಂಗ್ರಹಿಸುವುದೇ ಅದರ ತಿರುಳು. 1999ರಿಂದೀಚೆಗೆ ಅದರಲ್ಲಿ ಬೇರೆ ಬಣ್ಣದ, ಅತಿ ವಿರಳವಾದ ಪ್ರಾಣಿಗಳೂ ಸೇರಿವೆ. ಅಂಥದೊಂದು ಎದುರಾಗುವ ಸಂಭಾವ್ಯತೆ ಮೊದಲು 8192ರಲ್ಲಿ ಒಂದಾಗಿದ್ದಿತು. 2013ರಲ್ಲಿ ಅದನ್ನು 4096ರಲ್ಲಿ ಒಂದಕ್ಕೆ ಏರಿಸಿದರು.

“ನಾಲ್ಕು ಸಾವಿರ ಸಲ ಹುಡುಕಿಯಾಯಿತು, ಇನ್ನು ಸಿಕ್ಕಲೇಬೇಕು” ಎಂಬುದು ಅಭಿಮಾನಿಗಳಲ್ಲಿ ಹಲವರ ನಂಬಿಕೆ. ಇದು ತಪ್ಪೆಂದು ನಾವು ಹೇಳಬೇಕಾಗಿದೆ. ಸಂಭಾವ್ಯತೆಯನ್ನು ಹೆಚ್ಚಿಸಲೆಂದೇ ಆಟದಲ್ಲಿಟ್ಟಿರುವ ಕೆಲವು ಉಪಾಯಗಳನ್ನು ಬಿಟ್ಟರೆ, ಪ್ರತಿಯೊಂದು ಭೇಟಿಯೂ ಸ್ವತಂತ್ರ ಘಟನೆ. ಹಿಂದಿನ ಸೋಲುಗಳ ಲೆಕ್ಕವನ್ನು ಯಂತ್ರವು ಇಡುವುದಿಲ್ಲ. 4095/4096 ಎಂಬ ಭಿನ್ನರಾಶಿಯನ್ನು 4096 ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಸುಮಾರು 0.37 ಬರುತ್ತದೆ. ಎಂದರೆ, ಅಷ್ಟು ಸಲ ಹುಡುಕಿದ ನೂರು ಮಂದಿಯಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿಯೇ ಉಳಿಯುವರು. ಅವರ ಮುಂದಿನ ಭೇಟಿಯ ಸಂಭಾವ್ಯತೆಯಾದರೋ ಮತ್ತೆ 4096ರಲ್ಲಿ ಒಂದೇ!

ವಿಕಿರಣಶೀಲ ಪರಮಾಣುವೂ ಹೀಗೆಯೇ: ಎಷ್ಟು ಕಾಲ ಕ್ಷಯಿಸದೆ ಉಳಿದಿದ್ದರೂ ಅದಕ್ಕೆ ಮುಪ್ಪೆಂಬುದಿಲ್ಲ.

ಆಟದಲ್ಲಿ ಈ ತಪ್ಪಿನಿಂದ ವ್ಯರ್ಥವಾಗುವುದು ಕಾಲವೊಂದೇ. ಇದೇ ನಂಬಿಕೆಯಿಂದ ಹಣವಿಟ್ಟು ಜೂಜಾಡುವವನು ಮನೆಮಾರನ್ನೇ ಕಳೆದುಕೊಳ್ಳಬಹುದು. ಈ ಪಾಠವನ್ನು ಆಟದಲ್ಲಿಯೇ ಕಲಿತುಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.