ಸ್ನೋಬೋರ್ಡಿಗೆ ಕನ್ನಡದ ಹಲಗೆ

ಎರಡು ಪಾದಗಳನ್ನೂ ಒಂದೇ ಅಗಲವಾದ ಹಲಗೆಗೆ ಅಡ್ಡಲಾಗಿ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸಾಧನಕ್ಕೆ ಇಂಗ್ಲಿಷಿನಲ್ಲಿ ‘ಸ್ನೋಬೋರ್ಡ್’ ಎಂದು ಹೆಸರು. ಸ್ಕೀ ಬೇರೆ, ಅಲ್ಲಿ ಕಾಲಿಗೊಂದರಂತೆ ಎರಡು ಕಿರಿಯ ಪಟ್ಟಿಗಳು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿನ ಆಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ನಮ್ಮ ಗುಲ್ಮಾರ್ಗಿನಲ್ಲಿಯೂ ಅದನ್ನು ಆಡುತ್ತಾರೆ. ಎರಡನ್ನೂ ‘ಹಿಮಕ್ರೀಡೆ’ ಎಂದು ಕರೆದು ಮುಗಿಸಿದರೆ ಅರ್ಥವನ್ನೇ ಕೈಬಿಟ್ಟಂತಾಗುತ್ತದೆ.

ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಬಸ್ಸು, ರೈಲು ನಮ್ಮವಾಗಿಲ್ಲವೇ? ಆದರೆ ಬಸ್ಸು ನಮ್ಮ ಊರಿಗೆ ಬಂದಿತು. ವಸ್ತುವೇ ಪದದ ಅರ್ಥವನ್ನು ಕಲಿಸಿತು. ಹಿಮವನ್ನೇ ಕಾಣದ ಓದುಗನಿಗೆ ಸ್ನೋಬೋರ್ಡ್ ಬರುವುದು ಪದವಾಗಿ ಮಾತ್ರ. ಆದ್ದರಿಂದ ಪದವೇ ವಸ್ತುವನ್ನು ತೋರಿಸಬೇಕು.

‘ಬೋರ್ಡ್’ ಎಂಬುದಕ್ಕೆ ಕನ್ನಡ ಸಂದರ್ಭವರಿತು ಪದ ಕೊಟ್ಟಿದೆ: ವಿದ್ಯುತ್ ಮಂಡಳಿ, ಕೀಲಿಮಣೆ, ಕರಿಹಲಗೆ. ಇಲ್ಲಿ ಮಣೆ ಸಲ್ಲದು, ಅದು ಕೂರುವುದಕ್ಕೆ. ಕರಾವಳಿಯ ಕಂಬಳದ ‘ಅಡ್ಡಹಲಗೆ’ಯನ್ನು ನೆನೆಯಿರಿ: ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಓಟಗಾರನು ಕೆಸರಿನಲ್ಲಿ ಜಾರುತ್ತಾನೆ. ನಿಂತು ಜಾರುವ ಹಲಗೆಯನ್ನು ಕನ್ನಡನಾಡು ಮೊದಲೇ ಬಲ್ಲುದು.

ಇನ್ನು ಪೂರ್ವಪದ. ‘ಹಿಮಹಲಗೆ’ ಎಂದರೆ ಸಂಸ್ಕೃತ-ಕನ್ನಡಗಳು ಕೂಡಿದ ಅರಿಸಮಾಸ. 13ನೆಯ ಶತಮಾನದ ಕೇಶಿರಾಜನು ಅದನ್ನು ಒಪ್ಪುತ್ತಿರಲಿಲ್ಲ. ‘ಮಂಜುಗಡ್ಡೆ’ಯ ಮಾದರಿಯಲ್ಲಿ ‘ಮಂಜುಹಲಗೆ’ ಎನ್ನಬಹುದು. ಮಂಜು ದೇಶ್ಯ, ಹಲಗೆ ತದ್ಭವ, ‘ಮಂಜುಹಲಗೆಯಲ್ಲಿ ಜಾರಿದಳು’ ಎಂದು ಕ್ರಿಯೆಗೂ ಒದಗುತ್ತದೆ. ಮಂಜು ಎಂದರೆ ಇಬ್ಬನಿಯೂ ಆಗುವುದೆಂಬ ಆಕ್ಷೇಪವನ್ನು ಹಲಗೆಯೇ ಪರಿಹರಿಸುತ್ತದೆ. ಇಬ್ಬನಿಯ ಮೇಲೆ ಯಾರೂ ಹಲಗೆ ಓಡಿಸುವುದಿಲ್ಲ.

ಕೊಯಮತ್ತೂರಿನ ಕುರಿಚಿಯ ಕಡೆ ತಮಿಳರ ‘ಪಲಗೈ’ ನಮ್ಮ ಹಲಗೆಯೇ. ಅವರು ಹಿಮಕ್ಕೆ ಹೇಳುವ ‘ಪನಿ’ ನಮ್ಮ ‘ಹನಿ’ಯ ಒಡಹುಟ್ಟು. ಪಕಾರವು ಹಕಾರವಾದ ಪಾಠವನ್ನು ಅಲ್ಲಿ ಬೀದಿಯಲ್ಲಿಯೇ ಕಲಿಯಬಹುದು. ಕೊಯಮತ್ತೂರಿನ ಸುತ್ತಲ ಅನೇಕ ದೇವಾಂಗ ಮನೆಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಮಗ್ಗಕ್ಕೂ ಅಡುಗೆಮನೆಗೂ ಪದವಿದ್ದು ಹೊಸ ಲೋಕಕ್ಕೆ ಪದವಿಲ್ಲದಿದ್ದರೆ, ಅಂತಹ ಮನೆಯ ಮಗು ಹೊಸದನ್ನೆಲ್ಲ ಬೇರೆ ಭಾಷೆಯಲ್ಲಿಯೇ ಹೇಳತೊಡಗುತ್ತದೆ.

ಆದುದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪದರಚನೆಯನ್ನು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಕಾಣದಿರಲಿ. ಮುಂದಿನ ಅನುವಾದದಲ್ಲಿ ಸ್ನೋಬೋರ್ಡ್ ಎದುರಾದರೆ ‘ಮಂಜುಹಲಗೆ’ ಎಂದು ಬರೆದು ನೋಡಲಿ. ಇದಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೇ ಬಳಸಲಿ.