ಬೈಪಾಸ್ ಆದವರಿಗೆ ಜೋಡಣೆಯ ಚಿತ್ರ ಕೊಡಿ



ಬೈಪಾಸ್ ಆಗಿ 8 ವರ್ಷದ ಮೇಲೆ ನಮ್ಮ ತಂದೆಯವರಿಗೆ ಮತ್ತೆ ಎದೆನೋವು ಬಂತು. ತೊಡೆಸಂದಿಯಿಂದ ಕೊಳವೆ ತೂರಿಸುವ ಆಂಜಿಯೋಗ್ರಾಂ ಎಂದರೆ ಅವರಿಗೆ ಜೀವಭಯ. ವೈದ್ಯರು ಸಿ.ಟಿ. ಆಂಜಿಯೋಗ್ರಾಂ ಬರೆದರು. ಕೈನರಕ್ಕೆ ಔಷಧ ಕೊಟ್ಟು, ಕೆಲವು ಸೆಕೆಂಡು ಉಸಿರು ಹಿಡಿಸಿ ಚಿತ್ರ ತೆಗೆದರು. ಬೈಪಾಸ್‌ನಲ್ಲಿ ಕಾಲಿನಿಂದ ತೆಗೆದು ಹೃದಯಕ್ಕೆ ಜೋಡಿಸಿದ ನಾಳ ದಪ್ಪ, ಅಲುಗಾಟವೂ ಕಡಿಮೆ. ಹಾಗಾಗಿ ಸ್ಪಷ್ಟವಾಗಿ ಕಾಣುತ್ತದೆ. (ಮೂತ್ರಪಿಂಡದ ತೊಂದರೆ ಇದ್ದವರು ಆ ಔಷಧ ಪಡೆಯುವ ಮೊದಲು ರಕ್ತದ ಕ್ರಿಯಾಟಿನಿನ್ ನೋಡಿಸಲೇಬೇಕು.)

ಆದರೆ ಯಾವ ನಾಳವನ್ನು ಎಲ್ಲಿಗೆ ಜೋಡಿಸಿದ್ದಾರೆ ಎಂದು ವೈದ್ಯರು ಕೇಳಿದಾಗ ನಮ್ಮಲ್ಲಿ ಕಾಗದವೇ ಇರಲಿಲ್ಲ. ಲೋಕಾಪುರ, ಮುಧೋಳ, ಜಮಖಂಡಿ ಕಡೆಯವರು ಬೆಳಗಾವಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಮುಂದಿನ ತಪಾಸಣೆ ಇನ್ನೆಲ್ಲೋ. ಶಸ್ತ್ರವೈದ್ಯರಲ್ಲಿ ಕೈಮುಗಿದು ಕೇಳುತ್ತೇನೆ: ಡಿಸ್ಚಾರ್ಜ್ ಮಾಡುವಾಗ ಜೋಡಣೆಯ ಚಿತ್ರ ಬರೆದು, ಕನ್ನಡದಲ್ಲಿ ತಿಳಿಸಿ ಕೊಡಿ.

– ಓದುಗ, ಲೋಕಾಪುರ