ಒಂದು ಹಾಡಿಗೆ ಎಷ್ಟು ಕಿವಿ?



“ಫಾದರ್, ಇವನು ಗಿಟಾರ್ ಹಿಡಿದರೆ ಊಟದ ನೆನಪೂ ಇರೋದಿಲ್ಲ. ಈಗ ಗೆಳೆಯರ ಜೊತೆ ಸೇರಿ ಹಾಡು ರೆಕಾರ್ಡ್ ಮಾಡ್ತಾನಂತೆ. ರಾಕ್ ಅಂದರೆ ಬರೀ ಗದ್ದಲ ಅಲ್ವೇ?” ಹೀಗೆ ಕೇಳುವ ತಂದೆತಾಯಂದಿರು ಕೋಸಗಿಯಂಥ ಊರಿನಲ್ಲೂ ಈಗ ಸಿಗುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಮೊಬೈಲಿನಿಂದ ಲೋಕದ ಸಂಗೀತವೆಲ್ಲ ಬಂದು ಬೀಳುತ್ತಿದೆ. ಸರಿ ಅಥವಾ ಬೇಡ ಎನ್ನುವ ಮೊದಲು, ಒಂದು ರಾಕ್ ಆಲ್ಬಮ್ ಸ್ಟುಡಿಯೋದಲ್ಲಿ ಹೇಗೆ ತಯಾರಾಗುತ್ತದೆ ಎಂಬುದನ್ನು ಸ್ವಲ್ಪ ತಿಳಿಯೋಣ.

ವೇದಿಕೆಯ ಮೇಲೆ ಎಲ್ಲರೂ ಕೂಡಿ ನುಡಿಸುತ್ತಾರೆ. ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಮೊದಲು ಹಾಡಿನ ವೇಗ ನಿಗದಿಯಾಗುತ್ತದೆ. ಗಡಿಯಾರದಂತೆ ಟಿಕ್ ಟಿಕ್ ಎನ್ನುವ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಡ್ರಮ್ಸ್ ನುಡಿಸುವವನು ತನ್ನ ಪಾಲು ಮುಗಿಸುತ್ತಾನೆ. ಅದನ್ನು ಕೇಳುತ್ತಾ ಬೇಸ್ ಗಿಟಾರಿನವನು ನುಡಿಸುತ್ತಾನೆ. ಇವರಿಬ್ಬರನ್ನೂ ಕೇಳುತ್ತಾ ಗಿಟಾರಿನವನು. ಕೊನೆಗೆ ಹಾಡುಗಾರ ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಒಬ್ಬನೇ ನಿಂತು ಹಾಡುತ್ತಾನೆ. ಅವನ ಕಣ್ಣ ಮುಂದೆ ಯಾರೂ ಇಲ್ಲ. ಕಿವಿಯಲ್ಲಿ ಮಾತ್ರ ಎಲ್ಲರೂ ಇದ್ದಾರೆ. ನಮ್ಮ ನಾರಾಯಣಪೇಟೆಯ ಮಗ್ಗದ ಸೀರೆಯನ್ನು ನೆನಪಿಸಿಕೊಳ್ಳಿ. ಹಾಸು ಬಿಗಿಯಾಗಿದ್ದರೆ ತಾನೇ ಹೊಕ್ಕು ಸರಿಯಾಗಿ ಕೂರುವುದು? ಇಲ್ಲಿಯೂ ಅಷ್ಟೇ. ಮೊದಲಿನವನು ತಾಳ ತಪ್ಪಿದರೆ ಆಮೇಲೆ ಬರುವವರೆಲ್ಲರಿಗೂ ಕಷ್ಟ.

ಈ ವಿದ್ಯೆ ಒಮ್ಮೆಗೇ ಬಂದದ್ದಲ್ಲ. ಪ್ರಸಿದ್ಧ ಬೀಟಲ್ಸ್ ತಂಡದ ನಾಲ್ವರು 1963ರ ಫೆಬ್ರವರಿ 11ರಂದು ಲಂಡನ್ನಿನ ಸ್ಟುಡಿಯೋದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನುಡಿಸಿ, ತಮ್ಮ ಮೊದಲ ಆಲ್ಬಮ್ಮಿನ 10 ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ಜಾನ್ ಲೆನನ್‌ಗೆ ಅಂದು ಶೀತ. ಗಂಟಲು ಹರಿಯುವಂತೆ ಕೂಗಿ ಹಾಡಬೇಕಾದ ಹಾಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ನಾಲ್ಕು ವರ್ಷಗಳ ಬಳಿಕ, 1967ರಲ್ಲಿ ಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿಗೆ ಅದೇ ತಂಡ ತಿಂಗಳುಗಟ್ಟಲೆ ದುಡಿಯಿತು. ಅವರ ಟೇಪಿನ ಮೇಲೆ ಇದ್ದದ್ದು ನಾಲ್ಕೇ ಟ್ರ್ಯಾಕ್, ಅಂದರೆ ಧ್ವನಿ ತುಂಬುವ ನಾಲ್ಕು ಸಾಲು. ಅವು ತುಂಬಿದ ಮೇಲೆ ನಾಲ್ಕನ್ನೂ ಬೆರೆಸಿ ಇನ್ನೊಂದು ಟೇಪಿನ ಒಂದೇ ಸಾಲಿಗೆ ಇಳಿಸಿ, ಉಳಿದ ಸಾಲುಗಳಲ್ಲಿ ಹೊಸದನ್ನು ತುಂಬುತ್ತಿದ್ದರು. ಹಾಗೆ ಬೆರೆಸಿದ ಸಾಲಿನಲ್ಲಿ ಒಂದು ವಾದ್ಯವನ್ನು ಮಾತ್ರ ಏರಿಸಲು, ಇಳಿಸಲು ಆಗ ಸಾಧ್ಯವಿರಲಿಲ್ಲ. ಆದ್ದರಿಂದ ಬೆರೆಸುವ ಮುನ್ನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂಡದವರು ಕಿವಿಗೊಟ್ಟು ಕೇಳಲೇಬೇಕಿತ್ತು.

ಈಗ ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್ ಬೇಕಾದರೂ ಸಿಗುತ್ತವೆ. ತಪ್ಪನ್ನು ಅಳಿಸುವುದೂ ಸುಲಭ. ಆದರೆ ರೆಕಾರ್ಡಿಂಗ್ ಮುಗಿದ ಮೇಲಿನ ಒಂದು ಕೆಲಸ ಇಂದಿಗೂ ಕಠಿಣವೇ. ಅದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಯಾವ ವಾದ್ಯ ಎಷ್ಟು ಕೇಳಬೇಕೆಂದು ತೂಗಿ ನೋಡುವ ಕೆಲಸ ಅದು. ಗಿಟಾರಿನವನಿಗೆ ತನ್ನ ಗಿಟಾರ್ ಜೋರಾಗಿರಬೇಕು, ಡ್ರಮ್ಸಿನವನಿಗೆ ತನ್ನ ಡ್ರಮ್ಸ್. ಎಲ್ಲವನ್ನೂ ಏರಿಸಿದರೆ ಯಾವುದೂ ಕೇಳಿಸದು. ಹಾಡುಗಾರನ ಮಾತು ಸ್ಪಷ್ಟವಾಗಬೇಕಾದರೆ ಉಳಿದವರು ಆ ಜಾಗದಲ್ಲಿ ಸ್ವಲ್ಪ ತಗ್ಗಬೇಕು. ನಮ್ಮ ಗಾಯನವೃಂದದಲ್ಲೂ ಇದು ಗೊತ್ತಿರುವ ಸಂಗತಿಯೇ ಅಲ್ಲವೇ? ಮನೆಯಲ್ಲಂತೂ ದಿನನಿತ್ಯದ ಅನುಭವ!

ನಮ್ಮ ನುಡಿಯದೇ ಒಂದು ಉದಾಹರಣೆ ಹೇಳುತ್ತೇನೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಓದಿನ ದಿನಗಳಲ್ಲಿ ಗಿಟಾರ್ ಹಿಡಿದರು. ಆಮೇಲೆ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಆಲ್ಬಮ್ ಹೊರತರಲು ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ 2008ರಲ್ಲಿ ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಿಂದ ಅವರ ಮೊದಲ ಆಲ್ಬಮ್ ಬಿಡುಗಡೆ ಮಾಡಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ತತ್ವಪದವೂ ಇತ್ತು. ಷರೀಫರ ಕಾಲ 1819ರಿಂದ 1889. ಮುಸ್ಲಿಂ ಮನೆತನದ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟರು. ಇಂಥ ಸಂಬಂಧದಿಂದ ಬೆಳೆದ ಹಾಡು ಗಿಟಾರ್, ಡ್ರಮ್ಸ್ ಜೊತೆ ಹೊಸ ತಲೆಮಾರನ್ನು ಮುಟ್ಟಿತು. ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅಜ್ಜ ಅಜ್ಜಿಯರು ತಂಬೂರಿಯ ಜೊತೆ ಕೇಳಿದ ಪದಗಳು ಮೊಮ್ಮಕ್ಕಳಿಗೆ ಗಿಟಾರಿನ ಜೊತೆ ಹತ್ತಿರವಾದವು.

ಗಡಿಯಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ. ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬಾರದು, ಹಾಡಲು ಬರುತ್ತದೆ. ಬೀಸುವ ಪದ, ಜೋಗುಳ, ಹಬ್ಬದ ಹಾಡು ಇನ್ನೂ ಅಜ್ಜಿಯರ ಬಾಯಲ್ಲಿವೆ. ಹಾಡು ರೆಕಾರ್ಡ್ ಮಾಡುತ್ತೇನೆನ್ನುವ ಮಗನನ್ನು ಮೊದಲು ಅಜ್ಜಿಯ ಹತ್ತಿರ ಕಳುಹಿಸಿ. ಖರ್ಚಿನ ಭಯ ಬೇಡ. ಆರಂಭಕ್ಕೆ ಮೊಬೈಲೇ ಸಾಕು. ಸ್ಟುಡಿಯೋದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರಬೇಕಾಗುತ್ತದೆ. ಅಭ್ಯಾಸವಿಲ್ಲದೆ ಹೋದರೆ ಹಣ ನೀರುಪಾಲು. ಓದಿನ ಹೊತ್ತು ಓದಿಗೆ, ಅಭ್ಯಾಸದ ಹೊತ್ತು ಅಭ್ಯಾಸಕ್ಕೆ ಎಂದು ಮಕ್ಕಳ ಜೊತೆ ಕೂತು ಮಾತಾಡಿಕೊಳ್ಳಿ.

ಮಕ್ಕಳೇ, ನಿಮಗೂ ಒಂದು ಮಾತು. ಜೊತೆಗಾರ ನುಡಿಸಿದ್ದನ್ನು ಹತ್ತು ಸಲ ಕೇಳುವ ತಾಳ್ಮೆ ನಿಮಗಿದೆ. ಅಪ್ಪ ಅಮ್ಮನ ಮಾತನ್ನು ಒಂದು ಸಲವಾದರೂ ಪೂರ್ತಿ ಕೇಳಿ. ಹಿರಿಯರೂ ಅಷ್ಟೆ: ಮಗನ ಹಾಡು ಮುಗಿಯುವ ತನಕ ಕುಳಿತು ಕೇಳಿ, ಆಮೇಲೆ ಅದು ಗದ್ದಲವೋ ಸಂಗೀತವೋ ಹೇಳಿ.